ತಪ್ಪಲ ಸರ್ ಮತ್ತು ಅವ್ವನ ಮೊಣಕಾಲು

ನಮ್ಮ ಕಡೆ ಎರಡು ಮನೆಗಳಿಂದ ಹೊರಡುವಾಗ "ಬರ್ತೀನಿ" ಎಂದು ಹೇಳಬಾರದು. ಒಂದು ಸಾವಾದ ಮನೆ, ಇನ್ನೊಂದು ಔಷಧಿ ಕೊಡುವ ಮನೆ. ಮತ್ತೆ ಅಲ್ಲಿಗೆ ಬರುವ ಪ್ರಸಂಗ ಬಾರದಿರಲಿ ಎಂಬುದು ಅದರ ಅರ್ಥ. ಕಳೆದ ಕಾರ್ತಿಕದಲ್ಲಿ ಕುಬಿಹಾಳದ ಕಡೆಯ ಒಂದು ಹಳ್ಳಿಯ ಮನೆಯಿಂದ ನಾನು ಹೀಗೆ ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಎಂಬತ್ತರ ದಶಕದಲ್ಲಿ ಇದೇ ಮನೆಯ ಕಟ್ಟೆಯಿಂದ ಎಷ್ಟೋ ಜನ ಹೀಗೆಯೇ ಹೇಳದೆ ಕೇಳದೆ ಎದ್ದು ಹೋಗುವುದನ್ನು ನಾನು ನೋಡಿದ್ದೆ. ಆಗ ಅದು ಔಷಧಿಯ ಮನೆ.

ತೀರಿಕೊಂಡವರು ನನ್ನ ಹಳೆಯ ಸಹೋದ್ಯೋಗಿ. ಕುಂದಗೋಳದ ಒಂದು ಜೂನಿಯರ್ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಹುಡುಗರು ಅವರಿಗೆ ತಪ್ಪಲ ಸರ್ ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ತಪ್ಪಲ ಎಂದರೆ ಗಿಡದ ಸೊಪ್ಪು. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ಒಂದೆರಡು ಬಾಡಿದ ಎಲೆ ಇರುತ್ತಿದ್ದವು. ಅವರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಮಂದಿ "ಅವರಾ?" ಎಂದು ತಮ್ಮದೇ ಒಂದು ಕತೆ ಶುರು ಮಾಡುತ್ತಾರೆ.

ಹೊಸ ಊರಿಗೆ ಹೋದ ಮಾಸ್ತರನನ್ನು ಜನ ಮೊದಲು ಕೇಳುವುದು ಎರಡೇ ಪ್ರಶ್ನೆ: ಯಾವ ಊರು, ಯಾವ ಮಂದಿ. ನಾನು ಕಲಘಟಗಿಯವನು ಎಂದು ಹೇಳಲು ಸಿದ್ಧನಾಗಿಯೇ ಸ್ಟಾಫ್ ರೂಮಿಗೆ ಕಾಲಿಟ್ಟೆ. ಮೂಲೆಯಲ್ಲಿ ಕೂತಿದ್ದ ಉದ್ದನೆಯ ಮನುಷ್ಯ ಎದ್ದು ಬಂದು, ನನ್ನ ಕೈ ಹಿಡಿದುಕೊಂಡು ಕೇಳಿದರು.

"ನಿಮಗ ಎಲ್ಲಿ ನೋಯತೈತ್ರಿ?"

"ಎಲ್ಲೂ ಇಲ್ರಿ" ಎಂದೆ.

ಅವರ ಮುಖ ಸಪ್ಪಗಾಯಿತು. "ಇರ್ಲಿ ಬಿಡ್ರಿ, ಇನ್ನೂ ಸಣ್ಣ ವಯಸ್ಸು. ಬರತೈತಿ" ಎಂದು ನನಗೇ ಸಮಾಧಾನ ಹೇಳಿ ತಮ್ಮ ಕುರ್ಚಿಗೆ ಹೋದರು. ಈ ಮನುಷ್ಯನಿಗೆ ಒಂದು ಸುತ್ತು ಕಡಿಮೆ ಎಂದುಕೊಂಡೆ. ಆಮೇಲೆ ಅವರೊಂದಿಗೆ ಹತ್ತಿರದ ಗೆಳೆತನವಾದರೂ ಆ ಅಭಿಪ್ರಾಯವನ್ನು ನಾನು ಪೂರ್ತಿ ಬದಲಿಸಿಕೊಳ್ಳಲಿಲ್ಲ.

ಅವರಿಗೆ ನೋವಿನ ಹುಚ್ಚು. ಅದೂ ಬೇರೆಯವರ ನೋವಿನ ಹುಚ್ಚು. ಯಾರಾದರೂ ಸೊಂಟ ಹಿಡಿದುಕೊಂಡು ಎದ್ದರೆ ಸಾಕು, ಅವರು ಹತ್ತಿರ ಹೋಗುತ್ತಿದ್ದರು. "ನೋವು ಅನಬ್ಯಾಡ್ರಿ, ಅದು ಪುಸ್ತಕದ ಮಾತು. ಚಳಕ ಐತೋ, ಸೆಳತ ಐತೋ, ಜೋಮ ಹಿಡದೈತೋ? ಇರಿವಿ ಹರದಂಗೋ, ಹಲ್ಲಿಲೆ ಕಚ್ಚಿದಂಗೋ?" ಕನ್ನಡ ಮಾಸ್ತರನಾದ ನನಗೆ ಗೊತ್ತಿಲ್ಲದ ಎಷ್ಟೋ ಶಬ್ದಗಳು ಅವರ ಬಾಯಿಯಲ್ಲಿದ್ದವು. ಒಮ್ಮೆ ಹುಬ್ಬಳ್ಳಿಗೆ ಹೊರಟ ಬಸ್ಸಿನ ಕಂಡಕ್ಟರ್ ಹಿಮ್ಮಡಿ ಊರದೆ ನಡೆಯುವುದನ್ನು ಕಂಡು ಅವನನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಸಿದರು. ಒಳಗಿದ್ದವರು ಬೈಯತೊಡಗಿದರು. ಕಂಡಕ್ಟರ್ ಮಾತ್ರ ಬೂಟು ಬಿಚ್ಚಿ ತೋರಿಸುತ್ತ, "ಅಗದಿ ಬರೋಬ್ಬರಿ ಹೇಳಿದ್ರಿ ಸರ, ಮುಂಜಾನಿ ಎದ್ದ ಕೂಡ್ಲೆ ಮುಳ್ಳಿನ್ಯಾಗ ಕಾಲಿಟ್ಟಂಗ ಆಗತೈತಿ" ಎಂದು ಕೃತಾರ್ಥನಾಗಿ ನಿಂತುಬಿಟ್ಟಿದ್ದ. ಅವನ ನೋವನ್ನು ಅಷ್ಟು ಸರಿಯಾಗಿ ಅಲ್ಲಿಯತನಕ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ.

ಇನ್ನೊಂದು ಅಭ್ಯಾಸವಿತ್ತು. ಏನನ್ನು ಕೊಟ್ಟರೂ ಎರಡೂ ಕೈಯಿಂದ ಕೊಡುತ್ತಿದ್ದರು. ಹುಡುಗನಿಗೆ ಸೀಮೆಸುಣ್ಣ ಕೊಡುವಾಗಲೂ ಎರಡು ಕೈ, ಜವಾನನಿಗೆ ಬೀಗದ ಕೈ ಕೊಡುವಾಗಲೂ ಎರಡು ಕೈ. ಹುಡುಗರು ಹಿಂದಿನಿಂದ ಅಣಕಿಸುತ್ತಿದ್ದರು. ಅದು ಎಲ್ಲಿಂದ ಬಂದ ರೂಢಿ ಎಂದು ಅವರ ಮನೆಗೆ ಮೊದಲ ಸಲ ಹೋದಾಗ ನನಗೆ ತಿಳಿಯಿತು.

ಅವರದು ಊರಲ್ಲಿ "ಔಷಧದವರ ಮನಿ". ಹೊಲ ಇತ್ತು, ಎತ್ತು ಇದ್ದವು, ಹಣೆಯ ಮೇಲೆ ಮೂರು ಬೊಟ್ಟಿನ ವಿಭೂತಿ ಇತ್ತು. ಆದರೆ ಆ ಮನೆಯ ಹೆಸರು ನಡೆಯುತ್ತಿದ್ದುದು ಕೀಲುನೋವಿನ ಔಷಧಿಯಿಂದ. ಐತವಾರ ನಸುಕಿನಲ್ಲಿ ಜನ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಮನೆಯ ಗಂಡಸು ಸ್ನಾನ, ಪೂಜೆ ಮುಗಿಸಿ ಬಂದು, ಬೆಲ್ಲದಲ್ಲಿ ಕಟ್ಟಿದ ಹಸಿರು ಉಂಡೆಯನ್ನೂ ಕಟ್ಟಿಕೊಳ್ಳಲು ಕುಟ್ಟಿದ ಸೊಪ್ಪನ್ನೂ ಎರಡೂ ಕೈಯಿಂದ ಕೊಡುವುದು. ಅದಕ್ಕೆ ಬದಲಾಗಿ ಒಂದು ತೆಂಗಿನಕಾಯಿಯನ್ನೂ ಮುಟ್ಟುವಂತಿಲ್ಲ. ತಂದೆ ಹೋದ ಮೇಲೆ ಆ ಕೆಲಸ ತಪ್ಪಲ ಸರ್ರ ಪಾಲಿಗೆ ಬಂದಿತ್ತು. ಶನಿವಾರ ಸಂಜೆ ಊರಿಗೆ ಹೋಗಿ, ಸೋಮವಾರ ಮುಂಜಾನೆ ಕಾಲೇಜಿಗೆ ಬರುತ್ತಿದ್ದರು.

ಆ ಮನೆತನಕ್ಕೆ ಔಷಧಿ ಹೇಳಿಕೊಟ್ಟ ಯಾರೋ ಅಯ್ಯನವರು ಎರಡು ಕಟ್ಟಳೆ ಹಾಕಿ ಹೋಗಿದ್ದರಂತೆ. ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದ ದಿನ ಮನೆತನದ ಕೈಗುಣ ಹೋಗುತ್ತದೆ. ಎರಡನೆಯದು, ಕೊಡುವ ಮನೆಯವರು ಆ ಔಷಧಿಯನ್ನು ತಾವು ತೆಗೆದುಕೊಳ್ಳಬಾರದು. "ಮಂದಿಗೆ ಕೊಡು, ಮನಿಗೆ ಇಟಗೋಬ್ಯಾಡ" ಎಂದು ಅವರ ಮನೆಯಲ್ಲಿ ಕೂಸುಗಳಿಗೂ ಬಾಯಿಪಾಠ.

ಹೆಸರಿನ ಗುಟ್ಟು ಗುಟ್ಟೇ ಆಗಿರಲಿಲ್ಲ ಎನ್ನುವುದು ಬೇರೆ ಮಾತು. ಅದು ಲಕ್ಕಿ ಸೊಪ್ಪು. ಬೆಣ್ಣೆಹಳ್ಳದ ದಂಡೆಗೆ ಹೋದರೆ ಎಲ್ಲಿ ನೋಡಿದರೂ ಲಕ್ಕಿ. ಊರಿನ ಪ್ರತಿ ಬಾಣಂತಿಗೂ ಲಕ್ಕಿ ಹಾಕಿ ಕುದಿಸಿದ ನೀರೇ ಎರೆಯುವುದು. ಆ ವಾಸನೆ ಮೂಗಿಗೆ ಬಿದ್ದರೆ ಕುರುಡನೂ ಹೆಸರು ಹೇಳುತ್ತಾನೆ. ಆದರೂ ಕಟ್ಟೆಯ ಮೇಲೆ ಕೂತವರು ಒಬ್ಬರೂ ಹೇಳುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಮರ್ಯಾದೆ ಅದು. ಅಂಥ ಮರ್ಯಾದೆಯ ಮೇಲೆ ನಮ್ಮ ಊರುಗಳಲ್ಲಿ ಇನ್ನೂ ಬಹಳಷ್ಟು ನಿಂತಿದೆ.

ಎರಡನೆಯ ಕಟ್ಟಳೆ ಮಾತ್ರ ಒಬ್ಬರ ಮೈಮೇಲೆ ಬಿದ್ದಿತ್ತು. ಅವರ ಅವ್ವ. ಸೊಸೆಯಾಗಿ ಬಂದಾಗಿನಿಂದ ಒರಳಿನಲ್ಲಿ ಆ ಸೊಪ್ಪನ್ನು ಕುಟ್ಟಿದವರು ಆಕೆ. ಈಗ ಆಕೆಯ ಮೊಣಕಾಲು ಎರಡೂ ಹಿಡಿದುಕೊಂಡಿದ್ದವು. ನೆಲಕ್ಕೆ ಕೈಯೂರಿ, ಗೋಡೆ ಹಿಡಿದು, "ಶಿವಾ" ಎಂದು ಏಳಬೇಕು. ಊರೂರಿನ ಮೊಣಕಾಲಿಗೆ ಔಷಧಿ ಅರೆದು ಕಳಿಸುವಾಕೆ ತನ್ನ ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದುದು ಬರೇ ಕೊಬ್ಬರಿ ಎಣ್ಣೆ. ಹುಬ್ಬಳ್ಳಿಯ ಡಾಕ್ಟರ ಗುಳಿಗೆ ತಿಂದರೆ ಆಕೆಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು, ಆ ದಾರಿಯೂ ಮುಚ್ಚಿತ್ತು.

"ಅವ್ವನ ಕೈ ನೋಡೀರೇನ್ರಿ?" ಎಂದು ಒಂದು ದಿನ ತಪ್ಪಲ ಸರ್ ಕೇಳಿದರು. "ಈ ವಯಸ್ಸಿನ್ಯಾಗ ಸೂಜಿ ಪೋಣಸ್ತಾಳ. ಒಂದು ಗಂಟ ಇಲ್ಲ, ಒಂದು ಸೊಟ್ಟ ಇಲ್ಲ. ಯಾಕ? ಇಷ್ಟ ವರ್ಷ ಆ ರಸದಾಗ ಇರೂ ಕೈ ಅವು. ಅದಽ ರಸ ಒಂದು ಮೊಳ ಕೆಳಗ ಇಳದಿಲ್ಲ. ನೋಡಿದ್ರ ಹೊಟ್ಟಿ ಉರೀತೈತ್ರಿ."

"ಸುಮ್ಮನ ಹಚ್ಚಿಬಿಡ್ರಿ ಒಂದು ದಿನ, ನಿದ್ದಿ ಹತ್ತಿದಾಗ" ಎಂದೆ.

"ನಮ್ಮವ್ವ ಬಾಣಂತಿ ಇದ್ದಾಗ ಸುದ್ದಾ ಬರೇ ನೀರು ಎರಕೊಂಡಾಳ. ಊರಾಗ ಎಲ್ಲಾರ ಬಾಣಂತಿ ಕ್ವಾಣಿಗೆ ಆ ವಾಸನಿ ಇತ್ತು, ನಮ್ಮನ್ಯಾಗ ಇರಲಿಲ್ಲ. ಅಂಥಾಕಿಗೆ ನಾ ಕಳುವಿಲೆ ಹಚ್ಚಲೇನು?"

ಆಮೇಲೆ ಅವರು ತಮ್ಮ ಉಪಾಯವನ್ನು ಹೇಳಿದರು. ಸೊಪ್ಪಿನಲ್ಲಿ ನೋವು ಇಳಿಸುವುದು ಇಡೀ ಸೊಪ್ಪಲ್ಲ, ಅದರೊಳಗಿನ ಯಾವುದೋ ಒಂದು ವಸ್ತು. ಅದನ್ನು ಬೇರೆ ಮಾಡಿ ತೆಗೆದರೆ ಅದಕ್ಕೆ ಹಸಿರು ಬಣ್ಣ ಇರುವುದಿಲ್ಲ, ವಾಸನೆ ಇರುವುದಿಲ್ಲ. ಅದು ಲಕ್ಕಿಯೇ ಅಲ್ಲ. ಲಕ್ಕಿ ಅಲ್ಲದ್ದನ್ನು ಅವ್ವ ತೆಗೆದುಕೊಂಡರೆ ಕಟ್ಟಳೆ ಮುರಿಯುವುದಿಲ್ಲ. ದೇವರಿಗೇ ಸವಾಲು ಹಾಕುವ ವಕೀಲನ ಹಾಗೆ ಅವರ ಕಣ್ಣು ಮಿಂಚುತ್ತಿದ್ದವು.

ಹೀಗೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲಕ್ಕಿಯ ಪರ್ವ ಶುರುವಾಯಿತು. ಬೀರುವಿನ ಮೇಲೆ ಪೇಪರು ಹಾಸಿ ಎಲೆ ಒಣಗಿಸುವುದು, ಪುಡಿ ಮಾಡಿ ಸ್ಪಿರಿಟ್ಟಿನಲ್ಲಿ ನೆನೆಹಾಕುವುದು, ಸೋಸುವುದು, ಸಣ್ಣ ಉರಿಯ ಮೇಲೆ ಇಂಗಿಸುವುದು. ವಾಸನೆ ವರಾಂಡಾ ದಾಟಿ ಪ್ರಿನ್ಸಿಪಾಲರ ಕೋಣೆಗೆ ಹೋಯಿತು. ಜವಾನ ಬಾಗಿಲಲ್ಲಿ ನಿಂತು ಗಂಭೀರವಾಗಿ ಕೇಳಿದ: "ಸರ, ಲ್ಯಾಬಿನ್ಯಾಗ ಯಾರ ಹಡದಾರ್ರಿ?" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಪ್ಪಲ ಸರ್ ಮಾತ್ರ ನಗಲಿಲ್ಲ. ಅವರು ಯಾಕೆ ನಗಲಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ.

ಸ್ಪಿರಿಟ್ ಬೇಗ ಬೇಗ ತೀರತೊಡಗಿದ್ದರಿಂದ ಅವರು ಅದನ್ನು ಕುಡಿಯುತ್ತಾರೆ ಎಂಬ ಸುದ್ದಿಯೂ ಹಬ್ಬಿತು. ಪ್ರಿನ್ಸಿಪಾಲರು ಅವರನ್ನು ಕರೆದು, ನೇರವಾಗಿ ಕೇಳಲಾರದೆ, ಬಸವಾದಿ ಶರಣರು ಮದ್ಯದ ಬಗ್ಗೆ ಏನು ಹೇಳಿದ್ದಾರೆ ಎಂದು ಉಪದೇಶ ಮಾಡಿದರಂತೆ. ಇವರು ಭಕ್ತಿಯಿಂದ ಕೇಳಿ, "ಭಾಳ ಚಲೋ ಹೇಳಿದ್ರಿ ಸರ. ನಿಮ್ಮ ಭುಜಾ ಒಂದ ಕಡೆ ಜಗ್ಗಿದಂಗ ಕಾಣತೈತಿ, ಸೆಳೀತೈತೇನ್ರಿ?" ಎಂದು ಕೇಳಿ ಬಂದರು. ಆ ಮೇಲೆ ಪ್ರಿನ್ಸಿಪಾಲರು ಸ್ಪಿರಿಟ್ಟಿನ ಮಾತೆತ್ತಲಿಲ್ಲ. ಒಂದೆರಡು ಐತವಾರ ಅವರನ್ನೂ ಆ ಕಟ್ಟೆಯ ಮೇಲೆ ನೋಡಿದೆ.

ಮೊದಮೊದಲು ಸಿಕ್ಕಿದ್ದು ಬಂಡಿಯ ಕೀಲೆಣ್ಣೆಯಂಥ ಕರಿಹಸಿರು ಅಂಟು. ಚೆಲ್ಲಿದರು, ಮತ್ತೆ ಮಾಡಿದರು. ಧಾರವಾಡದಲ್ಲಿದ್ದ ಹಳೆಯ ಗೆಳೆಯನಿಂದ ಗಾಜಿನ ಉಪಕರಣ ತಂದರು, ಅದರಲ್ಲಿ ಒಂದನ್ನು ಒಡೆದರು. ಎರಡು ಬೇಸಿಗೆ ಹೋದವು. ಒಂದು ಮಧ್ಯಾಹ್ನ ನಾನು ತರಗತಿಯಲ್ಲಿದ್ದಾಗ ಬಾಗಿಲಲ್ಲಿ ಬಂದು ನಿಂತು ಕೈಸನ್ನೆ ಮಾಡಿದರು. ಹೋಗಿ ನೋಡಿದರೆ ಗಾಜಿನ ಬಟ್ಟಲಿನ ತಳದಲ್ಲಿ ಕಡಲೆಹಿಟ್ಟು ಅಂಟಿದ ಹಾಗೆ ಹಳದಿಯ ಸಣ್ಣ ಹರಳು.

"ಮೂಸಿ ನೋಡ್ರಿ."

ಮೂಸಿದೆ. ಏನೂ ವಾಸನೆ ಇರಲಿಲ್ಲ.

"ಇದರ ಹೆಸರೇನ್ರಿ?"

"ಹೆಸರ ಗೊತ್ತಿಲ್ಲ. ಲಕ್ಕಿ ಅಂತೂ ಅಲ್ಲ" ಎಂದು ಅವರು ಬೆಂಚಿನ ಮೇಲೆ ಕೂತುಬಿಟ್ಟರು.

ಅದು ಯಾರೋ ಎಂದೋ ಕಂಡು ಹೆಸರಿಟ್ಟಿದ್ದ ವಸ್ತುವೇ ಇರಬೇಕು ಎಂದು ಧಾರವಾಡದ ಗೆಳೆಯ ಹೇಳಿದಾಗ ನನಗೆ ಬೇಸರವಾಯಿತು. ಇವರಿಗೆ ಖುಷಿಯಾಯಿತು. "ಹಂಗಾರ ಖರೇ ಐತಿ ಅಂದಂಗಾತು" ಎಂದರು. ಹೆಸರು ಗಳಿಸುವ ಆಸೆ ಅವರಿಗೆ ಕಿಂಚಿತ್ತೂ ಇರಲಿಲ್ಲ. ಅವರು ಅದನ್ನು ಮೊದಲು ತಾವೇ ಸೇವಿಸಿ ಕೆಲವು ವಾರ ನೋಡಿದರು. ಜೀವಕ್ಕೇನೂ ಆಗಲಿಲ್ಲ. ಆದರೆ ಅವರ ಮೈಯಲ್ಲಿ ಎಲ್ಲಿಯೂ ನೋವಿಲ್ಲದ ಕಾರಣ ಅದು ನೋವಿಗೆ ಆಗುತ್ತದೋ ಇಲ್ಲವೋ ತಿಳಿಯುವಂತಿರಲಿಲ್ಲ. ಬೇಕೆಂದೇ ಚೀಲ ಹೊತ್ತು ಬೆನ್ನು ನೋಯಿಸಿಕೊಳ್ಳಲು ಹೋಗಿ ಊರವರಿಂದ ಬೈಸಿಕೊಂಡರು.

ಅವ್ವನಿಗೆ ಕೊಡುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳ ಹಿಂಡಿ. ಉಂಡು ಕೂತ ಮೇಲೆ ಜೇಬಿನಿಂದ ಕಾಗದದ ಪುಡಿಕೆ ತೆಗೆದು ಎರಡೂ ಕೈಯಿಂದ ಅವ್ವನ ಮುಂದೆ ಹಿಡಿದರು. ಆಕೆ ಬಿಚ್ಚಿದರು, ಮೂಸಿದರು, ಬೆರಳಲ್ಲಿ ಉಜ್ಜಿದರು.

"ಏನೋ ಇದು?"

"ನಿನ್ನ ಮೊಣಕಾಲಿಗೆ ಔಷಧಿ, ಯವ್ವಾ."

"ಯಾರ ಕೊಟ್ರು?"

ಸುಳ್ಳು ಹೇಳಬಹುದಿತ್ತು. ಹುಬ್ಬಳ್ಳಿಯ ಅಂಗಡಿಯದು ಎಂದರೆ ಮುಗಿಯುತ್ತಿತ್ತು. "ನಾನಽ ಮಾಡೀನಿ" ಎಂದರು. ಆಮೇಲೆ ಲಕ್ಕಿ ಎಂಬ ಶಬ್ದ ಬಾಯಿಗೆ ಬರದಂತೆ ಎಚ್ಚರವಹಿಸುತ್ತ ಎಲ್ಲವನ್ನೂ ವಿವರಿಸಿದರು. ತಪ್ಪಲದೊಳಗೆ ಎಂಥೆಂಥವೋ ಇರುತ್ತವೆ, ಅವನ್ನೆಲ್ಲ ಬಿಟ್ಟು ಇದೊಂದನ್ನೇ ತೆಗೆದಿದ್ದೇನೆ, ಇದರಲ್ಲಿ ತಪ್ಪಲ ಇಲ್ಲವೇ ಇಲ್ಲ. ಅವ್ವ ಪೂರ್ತಿ ಕೇಳಿಸಿಕೊಂಡರು.

"ಹಾಲಿನ್ಯಾಗಿನ ಬೆಣ್ಣಿ ತಗದು ಇದು ಎಮ್ಮೀದಲ್ಲ ಅಂದ್ರ, ಎಮ್ಮಿ ಒಪ್ಪತೈತೇನೋ ತಮ್ಮಾ?" ಎಂದು ಪುಡಿಕೆಯನ್ನು ಮೊದಲಿನ ಹಾಗೆಯೇ ಮಡಚಿ ಮಗನ ಕೈಗೆ ಹಾಕಿದರು. "ತಪ್ಪಲ ಇಲ್ಲ, ಖರೆ. ಕೊಡೂ ಕೈ ಈ ಮನೀದಽ ಐತೆಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಹಂಗಾರ ನಾ ಕೊಡ್ತೀನ್ರಿ ಯವ್ವಾ. ನಾ ಹೊರಗಿನವ."

"ಈಗ ರೊಟ್ಟಿ ತಿಂದ್ರೆಲ್ಲ ಸರ. ಈ ಮನಿ ರೊಟ್ಟಿ ತಿಂದಾವ್ರು ಈ ಮನಿಯವ್ರು" ಎಂದು ಆಕೆ ಗೋಡೆ ಹಿಡಿದು, "ಶಿವಾ" ಎಂದು, ನಮ್ಮ ತಾಟು ಎತ್ತಲು ಎದ್ದರು.

ಮರಳಿ ಬರುವ ಬಸ್ಸಿನಲ್ಲಿ ತಪ್ಪಲ ಸರ್ ಪುಡಿಕೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಕರಿ ಹೊಲಗಳು ದಾಟಿ ಕುಂದಗೋಳದ ಮನೆಗಳು ಕಾಣತೊಡಗಿದಾಗ ನನ್ನ ಕಡೆ ತಿರುಗಿದರು.

"ಎಮ್ಮಿ ಒಪ್ಪೂದಿಲ್ಲ, ಹೌದು. ಆದರ ಎಮ್ಮೀನಽ ಬಿಟ್ಟುಕೊಟ್ರ?"

ನನಗೆ ಕೂಡಲೇ ತಿಳಿಯಲಿಲ್ಲ. ಬಸ್ಸಿಳಿದು ನಡೆಯುವಾಗ ತಿಳಿಯಿತು. ಕೊಡುವ ಮನೆಯವರು ತೆಗೆದುಕೊಳ್ಳಬಾರದು. ಆದರೆ ಕೊಡುವ ಮನೆಯೇ ಆಗಿ ಉಳಿಯದಿದ್ದರೆ?

ಮುಂದಿನ ಐತವಾರ ನಾನು ಅಲ್ಲಿಯೇ ಇದ್ದೆ. ಕಟ್ಟೆ ತುಂಬಿತ್ತು. ಯರಗುಪ್ಪಿಯಿಂದ ಒಬ್ಬ ಮುದುಕ ಬಂಡಿಯಲ್ಲಿ ಬಂದಿದ್ದ. ಅವ್ವ ಎಂದಿನಂತೆ ಕುಟ್ಟಿ, ಬಟ್ಟಲು ತುಂಬಿ ಒಳಗೆ ಇಟ್ಟಿದ್ದರು. ಮಗ ಸ್ನಾನ, ಪೂಜೆ ಮಾಡಿ, ಮಡಿಯುಟ್ಟು ಹೊರಗೆ ಬಂದರು. ಕೈ ಖಾಲಿ ಇದ್ದವು.

"ನಾವು ಕೊಡೂದು ಲಕ್ಕಿ ತಪ್ಪಲ" ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದರು. "ಹಳ್ಳದ ದಂಡಿಮ್ಯಾಲಿಂದು. ಎಳೀದು ಬ್ಯಾಡ, ಬಲತದ್ದು ತರಬೇಕು. ಅರದು, ಹಸಿ ಶುಂಠಿ, ಮೆಣಸು ಕೂಡಿಸಿ ಬೆಲ್ಲದಾಗ ಉಂಡಿ ಕಟ್ಟೂದು. ಕಟ್ಟಾಕ ಬರೇ ತಪ್ಪಲ, ಎಣ್ಣಿ ಹಚ್ಚಿ ಬಿಸಿ ಮಾಡಿ. ಇಷ್ಟಽ ಐತಿ. ಇನ್ನ ಯಾರ ಬೇಕಾದ್ರೂ ಮಾಡಕೋಬಹುದು. ನಮ್ಮ ಕೈ ಮುಗೀತು."

ಯರಗುಪ್ಪಿಯ ಮುದುಕ ಮೊದಲು ಮಾತಾಡಿದ. "ಲಕ್ಕಿ ಅಂತ ನನ್ನ ಎತ್ತಿಗೂ ಗೊತ್ತೈತಿ, ತಮ್ಮಾ. ನೀ ಯಾಕ ಹೇಳಿದಿ?"

"ನಮ್ಮವ್ವನ ಮೊಣಕಾಲಿಗೆ."

ಮುದುಕ ರುಮಾಲು ಸರಿಮಾಡಿಕೊಂಡು ಎದ್ದ. "ಬರ್ತೀವಪಾ" ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರೂ "ಬರ್ತೀವ್ರಿ", "ಬರ್ತೀನಿ ತಮ್ಮಾ" ಎಂದು ಹೇಳಿ ಹೋದರು. ಬೇರೆ ಯಾವ ಮನೆಯಿಂದ ಹೊರಟರೂ ಹೇಳುವ ಹಾಗೆ. ಆ ಮಾತು ಕೇಳಿದಾಗ ತಪ್ಪಲ ಸರ್ರ ಮುಖ ನೋಡಲು ನನಗೆ ಆಗಲಿಲ್ಲ. ತಲೆತಲಾಂತರದಿಂದ ನಡೆದು ಬಂದದ್ದು ಒಂದು ಮುಂಜಾನೆಯಲ್ಲಿ ಮುಗಿದುಹೋಗಿತ್ತು.

ಅವ್ವ ಹೊರಗೆ ಬರಲಿಲ್ಲ. ಬಟ್ಟಲಿನ ಮೇಲೆ ಮುಚ್ಚಳ ಹಾಕಿ, "ಅಪ್ಪನ ಕೈ ಕಳದಿ" ಎಂದಷ್ಟೇ ಅಂದರು. ಅದಾದ ಮೇಲೆ ಮಗನ ಜೊತೆ ಮಾತು ನಿಂತಿತು. ನಾನು ಹೋದಾಗ ನನ್ನ ಮುಖಾಂತರ ಮಾತು ನಡೆಯುತ್ತಿತ್ತು. "ಸರ, ನಿಮ್ಮ ಗೆಳ್ಯಾಗ ಹೇಳ್ರಿ, ರೊಟ್ಟಿ ಆಗ್ಯಾವಂತ." ಗೆಳೆಯ ಎದುರಿಗೇ ಕೂತಿರುತ್ತಿದ್ದರು. "ಅವ್ವಗ ಹೇಳ್ರಿ, ಹಸಿವಿಲ್ಲಂತ." ನಗು ಬರುವಂಥದ್ದು, ಆದರೆ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಅವರು ಯಾರನ್ನೂ ಎಲ್ಲಿ ನೋಯುತ್ತದೆ ಎಂದು ಕೇಳುವುದನ್ನು ಬಿಟ್ಟರು. ಊರಲ್ಲಿ ಕೆಲವರು ಓದು ಹೆಚ್ಚಾದರೆ ಹೀಗೇ ಎಂದರು. ಮತ್ತು ಅವ್ವ ಲಕ್ಕಿಯನ್ನು ಮುಟ್ಟಲೂ ಇಲ್ಲ. ಮಗ ಮನೆತನದ ಕೈಯನ್ನೇ ಕಳೆದರೂ ಮೊಣಕಾಲು ಅಲ್ಲಿಯೇ ಉಳಿದಿತ್ತು. ತಾನು ಮಾಡಿದ್ದು ತಪ್ಪು ಎಂದು ಅವರಿಗೆ ಅನ್ನಿಸತೊಡಗಿತ್ತು. ನನಗೂ ಅನ್ನಿಸಿತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಓಣಿಯ ಕೊನೆಯಲ್ಲಿ ಹೊಲದ ಕೂಲಿಗೆ ಹೋಗುವ ಹೆಂಗಸೊಬ್ಬಳಿದ್ದಳು. ಕಳೆ ತೆಗೆದು ತೆಗೆದು ಆಕೆಯ ಟೊಂಕ ಬಾಗಿತ್ತು. ಪ್ರತಿ ಸುಗ್ಗಿಯಲ್ಲೂ ಔಷಧಿಗೆ ಬರುತ್ತಿದ್ದಳು. ಕಟ್ಟೆ ಹತ್ತುತ್ತಿರಲಿಲ್ಲ. ಕೆಳಗೆ ನಿಂತು ಸೆರಗೊಡ್ಡುತ್ತಿದ್ದಳು, ಹಾಗೆಯೇ ಹೋಗುತ್ತಿದ್ದಳು. ಅದು ಆ ಕಾಲದ ಅಲಿಖಿತ ರೂಢಿ, ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಒಂದು ಐತವಾರ ನಾವಿಬ್ಬರೂ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗ ಆಕೆ ತಲೆಗೆ ಎರೆದುಕೊಂಡು, ಕೈಯಲ್ಲಿ ಬಟ್ಟಲು ಹಿಡಿದು ಬಂದಳು. ಬಟ್ಟಲು ಬರುವ ಮೊದಲೇ ವಾಸನೆ ಬಂತು.

"ಅವ್ವಾರ" ಎಂದು ಕೆಳಗಿನಿಂದಲೇ ಕೂಗಿದಳು. "ನಿಮ್ಮ ಮಗಾ ಅವತ್ತ ಕಟ್ಟಿಮ್ಯಾಲೆ ಹೇಳಿದಂಗ ಮಾಡೀನ್ರಿ. ನನ್ನ ಟೊಂಕಕ್ಕ ಆಗೇತಿ. ನಿಮಗೂ ತಂದೀನಿ. ಕೈ ಹಿಡೀರಿ."

ಅವ್ವ ಬಾಗಿಲಿಗೆ ಬಂದು ನಿಂತರು. ಮಗ ಎದ್ದು ಬಟ್ಟಲು ಇಸಿದುಕೊಳ್ಳಲು ಹೊರಟರು, ಅವ್ವ ಕೈ ಅಡ್ಡ ಮಾಡಿ ತಡೆದರು. "ಮ್ಯಾಲೆ ಬಾರವಾ" ಎಂದು ಆಕೆಯನ್ನು ಕರೆದರು. ಆಕೆ ಬರಲಿಲ್ಲ, ಕಾಲು ಏಳಲಿಲ್ಲ. ಆಗ ಅವ್ವನೇ ಕಂಬ ಹಿಡಿದು, ಒಂದೊಂದೇ ಮೆಟ್ಟಿಲು, ಆ ಮೊಣಕಾಲಿನಿಂದ ಇಳಿದು ಬಂದರು. ಮಗನಾಗಲಿ ನಾನಾಗಲಿ ಹಿಡಿಯಲು ಹೋಗಲಿಲ್ಲ. ಕೆಳಗೆ ನೆಲದ ಮೇಲೆ ನಿಂತು ಸೆರಗು ಹೊದ್ದು ಎರಡೂ ಕೈ ಒಡ್ಡಿದರು.

ಬಟ್ಟಲು ಕೊಟ್ಟು ಆಕೆ ರೂಢಿಯಂತೆ "ಬರ್ತೀನ್ರೀ ಅವ್ವಾರ" ಎನ್ನಹೊರಟಳು.

"ಹಂಗ ಅನಬ್ಯಾಡ" ಎಂದರು ಅವ್ವ. "ಈಗ ಕೊಡೂಕಿ ನೀನು. ನಾ ಬಾ ಅನ್ನೂದಿಲ್ಲ, ನೀ ಬರ್ತೀನಿ ಅನಬ್ಯಾಡ. ಮತ್ತ ನೋಡವಾ, ನಿನ್ನ ಟೊಂಕಕ್ಕ ಇನ್ನ ಬ್ಯಾರೆ ಯಾರರ ಕೈಲಿಂದ ಇಸಗೋ."

ಆಕೆ ಅರ್ಥವಾಗಿ ತಲೆಯಾಡಿಸಿ, ಹಿಂದಿರುಗಿ ನೋಡದೆ ಹೋದಳು. ಇಂದಿಗೂ ಆ ಊರಲ್ಲಿ ಐತವಾರ ಲಕ್ಕಿ ಕೊಡುವುದು ಓಣಿಯ ಕೊನೆಯ ಆ ಮನೆಯಲ್ಲೇ, ಈಗ ಆಕೆಯ ಸೊಸೆ ಕೊಡುತ್ತಾಳೆ.

ಮೊಣಕಾಲು ಗುಣವಾಯಿತೇ ಎಂದು ಕೇಳುವಿರಿ. ಪೂರ್ತಿ ಆಗಲಿಲ್ಲ. ಗೋಡೆ ಹಿಡಿಯದೆ ಏಳುವಷ್ಟು ಆಯಿತು, ಹಿತ್ತಲಿಗೆ ಹೋಗಿ ಬರುವಷ್ಟು ಆಯಿತು. ಕೊನೆಯತನಕ ಹಾಗೆಯೇ ನಡೆಯಿತು. ಗಾಜಿನ ಬಾಟಲಿಯಲ್ಲಿದ್ದ ಹಳದಿ ಹರಳು ಹಾಗೆಯೇ ಉಳಿಯಿತು. ತಪ್ಪಲ ಸರ್ ನಿವೃತ್ತರಾಗುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದರು.

ಆದರೆ ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಮುಂಜಾನೆ. ಹೆಂಗಸು ಹೋದ ಮೇಲೆ ಅವ್ವ ಕೆಳಗೆಯೇ ನಿಂತಿದ್ದರು. ಬಟ್ಟಲಿನ ಮೇಲೆ ಸೆರಗು ಮುಚ್ಚಿದ್ದರು, ಕಿವಿಯತನಕ ಮುಖ ಕೆಂಪಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ಆಕೆ ನನ್ನ ಮುಖಾಂತರ ಹೇಳಲಿಲ್ಲ. ತಲೆಯೆತ್ತಿ, ಎಷ್ಟೋ ವಾರಗಳ ಮೇಲೆ, ಮಗನನ್ನೇ ನೋಡಿದರು.

"ಇಸಗೋಳಾಕ ಇಷ್ಟ ನಾಚಿಕಿ ಆಗತೈತೇನೋ ತಮ್ಮಾ? ನನಗ ಗೊತ್ತಽ ಇರಲಿಲ್ಲ ನೋಡು. ಪಾಪ, ಅಷ್ಟ ಮಂದಿ ಬರತಿದ್ರಲ್ಲೋ."